ಚಳಿನಾಡಿನ ಕನ್ನಡ ಮನೆಗಳಿಗೆ: ಹೀಟ್ ಪಂಪಿನ ಪೋಷಣೆಯನ್ನು ಕುರಿತು ಒಂದು ಬಹಿರಂಗ ಪತ್ರ

ಮಾನ್ಯ ಬಂಧುಗಳೇ,



ನ್ಯೂ ಇಂಗ್ಲೆಂಡ್ ಸಂಸ್ಥಾನಗಳಲ್ಲಿಯೂ, ನ್ಯೂಯಾರ್ಕಿನ ಉತ್ತರ ಭಾಗದಲ್ಲಿಯೂ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿಯೂ ಮನೆ ಮಾಡಿಕೊಂಡಿರುವ ತಮ್ಮಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ನೆಲಮಾಳಿಗೆಯ ಎಣ್ಣೆ ಬಾಯ್ಲರನ್ನೋ ಗ್ಯಾಸ್ ಫರ್ನೇಸನ್ನೋ ತೆಗೆಯಿಸಿ, ಅದರ ಸ್ಥಾನದಲ್ಲಿ ಹೀಟ್ ಪಂಪನ್ನು ಹಾಕಿಸಿಕೊಂಡಿರುವಿರಿ. ಒಂದು ಲಕ್ಷ ಹೊಸ ಹೀಟ್ ಪಂಪುಗಳನ್ನು 2025ರೊಳಗಾಗಿ ಅಳವಡಿಸಬೇಕೆಂದು 2019ರಲ್ಲಿ ಗೊತ್ತುಮಾಡಿಕೊಂಡ ಮೇಯ್ನ್ ಸಂಸ್ಥಾನವು 2023ರಲ್ಲಿಯೇ ಆ ಗುರಿಯನ್ನು ಮುಟ್ಟಿದ ಮೇಲೆ, ಹಿಮ ಬೀಳುವ ಸೀಮೆಗೆ ಈ ಯಂತ್ರ ಒಗ್ಗೀತೇ ಎಂಬ ಹಳೆಯ ಸಂದೇಹಕ್ಕೆ ಈಗ ಹೆಚ್ಚು ಎಡೆಯಿಲ್ಲ. ಆದರೆ ಕೊಳ್ಳುವ ಮುನ್ನ ಬೆಲೆಯನ್ನೂ ಸಹಾಯಧನವನ್ನೂ ತಯಾರಕರ ಹೆಸರನ್ನೂ ಕುರಿತು ತಿಂಗಳುಗಟ್ಟಲೆ ವಿಚಾರಮಾಡಿದ ಮನೆಗಳಲ್ಲಿಯೇ, ಯಂತ್ರವು ಗೋಡೆಯ ಪಕ್ಕದಲ್ಲಿ ಕುಳಿತು ಕೆಲಸಕ್ಕೆ ತೊಡಗಿದ ತರುವಾಯ ಅದರ ಕಡೆಗೆ ಯಾರೂ ತಿರುಗಿ ನೋಡದಿರುವುದನ್ನು, ಮನೆಗಳನ್ನು ಬೆಚ್ಚಗಿಡುವ ಯಂತ್ರಗಳ ಕೆಲಸದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದಿರುವ ನಾನು ಮತ್ತೆ ಮತ್ತೆ ಕಾಣುತ್ತ ಬಂದಿದ್ದೇನೆ. ಆ ಕಾರಣದಿಂದಲೇ ಈ ಪತ್ರವನ್ನು ತಮ್ಮೆಲ್ಲರ ಹೆಸರಿಗೆ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ ಮುಖ್ಯವಾದ ಮಾತು ಒಂದೇ. ಫರ್ನೇಸ್ ಕೆಟ್ಟರೆ ಮನೆ ತಣ್ಣಗಾಗುತ್ತದೆ; ಮನೆಯವರು ಆ ರಾತ್ರಿಯೇ ಫೋನಿಗೆ ಕೈಹಾಕುತ್ತಾರೆ. ಹೀಟ್ ಪಂಪಿಗೆ ವ್ಯಾಧಿ ತಗುಲಿದರೆ ಬಹಳ ವೇಳೆ ಮನೆ ಬೆಚ್ಚಗೇ ಇರುತ್ತದೆ, ಯಂತ್ರ ತಿರುಗುತ್ತಲೇ ಇರುತ್ತದೆ, ಗೋಡೆಯ ಮೇಲಿನ ಥರ್ಮೋಸ್ಟಾಟು ನಾವು ಬಯಸಿದ ಅಂಕಿಯನ್ನೇ ತೋರಿಸುತ್ತಿರುತ್ತದೆ. ತಿಂಗಳ ಕಡೆಗೆ ವಿದ್ಯುತ್ತಿನ ಬಿಲ್ಲು ಬಂದಾಗ, ಈ ವರ್ಷ ಚಳಿ ಹೆಚ್ಚೆಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ಆದುದರಿಂದ ಈ ಯಂತ್ರದ ಆರೋಗ್ಯವನ್ನು ನಮ್ಮ ಮೈಯ ಸುಖದಿಂದ ಅಳೆಯಲು ಬಾರದು. ಕಣ್ಣಿಟ್ಟು ನೋಡಿಯೂ, ಬಲ್ಲವರಿಂದ ಅಳೆಯಿಸಿಯೂ ಮಾತ್ರವೇ ಅದನ್ನು ತಿಳಿಯತಕ್ಕದ್ದು.

ಹೀಗಾಗುವುದೇಕೆಂಬುದು ಮನಸ್ಸಿಗೆ ಹತ್ತಬೇಕಾದರೆ ಯಂತ್ರದ ತತ್ತ್ವವನ್ನು ಸ್ವಲ್ಪ ಅರಿಯಬೇಕು. ಶೀತವಾದ ಗಾಳಿಯಲ್ಲಿಯೂ ಉಷ್ಣವುಂಟು. ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಜನವರಿಯ ಗಾಳಿಯು ನಮಗೆ ಮರಗಟ್ಟಿಸುವಷ್ಟು ತಣ್ಣಗೆ ತೋರಿದರೂ, ಉಷ್ಣದ ನಿಜವಾದ ಶೂನ್ಯವು ಅದಕ್ಕೂ 263 ಡಿಗ್ರಿಗಳಷ್ಟು ಕೆಳಗಿದೆ. ಬಾವಿಯ ತಳದ ನೀರನ್ನು ಪಂಪು ಮೇಲಿನ ತೊಟ್ಟಿಗೆ ಎತ್ತುವಂತೆ, ಈ ಯಂತ್ರವು ಹೊರಗಿನ ಕೆಳಮಟ್ಟದ ಉಷ್ಣವನ್ನು ಒಳಗಿನ ಮೇಲುಮಟ್ಟಕ್ಕೆ ಎತ್ತುತ್ತದೆ. ಹಾಗೆ ಎತ್ತಬಹುದೆಂಬುದನ್ನು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ವಿವರಿಸಿದ್ದನು. ಅದೇ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ ಎಂಬ ಎಂಜಿನಿಯರು ಏಬೆನ್‌ಜೇ ಎಂಬಲ್ಲಿಯ ಉಪ್ಪಿನ ಕಾರ್ಖಾನೆಗಾಗಿ ಈ ತತ್ತ್ವದ ಯಂತ್ರವೊಂದನ್ನು ಕಟ್ಟಿದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವು ತನ್ನ ಬುಡದಲ್ಲಿ ಹರಿಯುವ ಲಿಮ್ಮಾಟ್ ನದಿಯ ತಣ್ಣೀರಿನಿಂದಲೇ ಶಾಖವನ್ನು ಪಡೆಯತೊಡಗಿತು. ತಮ್ಮ ಮನೆಯ ಯಂತ್ರವು ಅದೇ ವಂಶದ್ದು. ಅದರ ತಾಮ್ರದ ಕೊಳವೆಗಳಲ್ಲಿ ಸುತ್ತುವ ಶೈತ್ಯದ್ರವ್ಯವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 51 ಡಿಗ್ರಿಗಳಷ್ಟು ಕೆಳಗೇ ಕುದಿಯುವ ಗುಣವುಳ್ಳದ್ದಾದ್ದರಿಂದ, ಹೊರಗಿನ ಚಳಿಗಾಳಿಯೂ ಅದನ್ನು ಕುದಿಸಿ ಆವಿಮಾಡಲು ಸಾಕಾಗುತ್ತದೆ. ಆ ಆವಿಯನ್ನು ಕಂಪ್ರೆಸರು ಒತ್ತಿ ಬಿಸಿಮಾಡಿ ಒಳಗೆ ಕಳುಹಿಸುತ್ತದೆ. ಒಳಗಿನ ಕಾಯಿಲಿನಲ್ಲಿ ಅದು ಮತ್ತೆ ದ್ರವವಾಗುವಾಗ ತನ್ನ ಉಷ್ಣವನ್ನು ಕೋಣೆಯ ಗಾಳಿಗೆ ಬಿಟ್ಟುಕೊಡುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಹದವಾದ ಹವೆಯಲ್ಲಿ ಮೂರು ಯೂನಿಟ್ಟಿನಷ್ಟೋ ಅದಕ್ಕೂ ಮಿಗಿಲಾಗಿಯೋ, ಕಡುಚಳಿಯಲ್ಲಿ ಎರಡರ ಆಸುಪಾಸಿನಲ್ಲಿಯೋ ಶಾಖ ದೊರೆಯುವುದು ಈ ಬಗೆಯಿಂದ.

ಡಕ್ಟುಗಳ ಮೂಲಕ ಇಡೀ ಮನೆಗೆ ಗಾಳಿ ಹಂಚುವ ವ್ಯವಸ್ಥೆಗಳಲ್ಲಿ ಇನ್ನೊಂದು ಅಂಗವು ಅಡಗಿರುತ್ತದೆ. ಹೀಟ್ ಪಂಪಿನಿಂದ ಸಾಲದೆ ಬಂದಾಗ ನೆರವಿಗೆ ಒದಗಲೆಂದು ಒಳಗೆ ವಿದ್ಯುತ್ತಿನ ಕಾಯುವ ತಂತಿಗಳನ್ನು ಇಟ್ಟಿರುತ್ತಾರೆ. ಥರ್ಮೋಸ್ಟಾಟಿನ ಮೇಲೆ ಇದು ‘ಆಕ್ಸ್ ಹೀಟ್’ ಎಂದು ಕಾಣಿಸಿಕೊಳ್ಳುತ್ತದೆ. ಈ ತಂತಿಗಳು ಒಂದು ಯೂನಿಟ್ ತಿಂದು ಒಂದೇ ಯೂನಿಟ್ ಶಾಖವನ್ನು ಕೊಡುವಂಥವು. ಶೈತ್ಯದ್ರವ್ಯವು ಸೋರಿಹೋಗಿ ಕಂಪ್ರೆಸರು ವೃಥಾ ತಿರುಗುತ್ತಿರಲಿ, ಹೊರಗಿನ ಕಾಯಿಲು ಮಂಜುಗಡ್ಡೆಯಲ್ಲಿ ಹೂತುಹೋಗಿರಲಿ, ಕೊರತೆಯನ್ನೆಲ್ಲ ಈ ತಂತಿಗಳು ಸದ್ದಿಲ್ಲದೆ ತುಂಬಿಕೊಡುತ್ತವೆ. ವ್ಯಾಧಿಯು ತಿಂಗಳುಗಟ್ಟಲೆ ಮರೆಯಾಗಿರುವುದು ಇವುಗಳ ಉಪಕಾರದಿಂದಲೇ. ಆದ್ದರಿಂದ ಥರ್ಮೋಸ್ಟಾಟಿನ ಮುಂದೆ ಹಾದುಹೋಗುವಾಗ ‘ಆಕ್ಸ್ ಹೀಟ್’ ಎಂಬ ಆ ಮಾತನ್ನು ಅರಸುವ ಅಭ್ಯಾಸವನ್ನು ಮನೆಯವರೆಲ್ಲರೂ ಮಾಡಿಕೊಳ್ಳಬೇಕೆಂದು ಬೇಡುತ್ತೇನೆ. ಹೊರಗೆ ಕಡುಚಳಿಯಿರುವ ರಾತ್ರಿಯಲ್ಲಿ ಅದು ಕಂಡರೆ ದೋಷವಿಲ್ಲ; ಹೊರಗೆ ಐದು ಡಿಗ್ರಿಯಷ್ಟು ಹಿತವಾಗಿರುವ ಮಧ್ಯಾಹ್ನದಲ್ಲಿ, ಗಂಟೆಗಟ್ಟಲೆ ಬಿಡದೆ ಕಂಡರೆ, ಯಂತ್ರದಲ್ಲಿ ಏನೋ ಕೆಟ್ಟಿದೆಯೆಂದು ತಿಳಿಯಬೇಕು. ಕೋಣೆಕೋಣೆಗೂ ಗೋಡೆಯ ಮೇಲೆ ತಗುಲಿಸುವ ಮಿನಿಸ್ಪ್ಲಿಟ್ ಬಗೆಯಲ್ಲಿ ಇಂಥ ತಂತಿಗಳು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ, ಹಿಂದಿನ ಚಳಿಗಾಲದಲ್ಲಿ ಮೆಲ್ಲಗೆ ಉಸಿರಾಡುತ್ತಿದ್ದ ಯಂತ್ರವು ಈ ವರ್ಷ ಹಗಲೂ ರಾತ್ರಿಯೂ ಪೂರ್ಣವೇಗದಲ್ಲಿಯೇ ಬೀಸುತ್ತಿದೆಯೇ ಎಂಬುದು ಗಮನಿಸತಕ್ಕ ಲಕ್ಷಣ.

ಇನ್ನು ತಾವೇ ಮಾಡಬಹುದಾದ ಕೆಲಸಗಳಲ್ಲೆಲ್ಲ ಫಿಲ್ಟರಿನದು ಮೊದಲನೆಯದು. ಈ ವಿಷಯದಲ್ಲಿ ನಮ್ಮವರ ಮನೆಗಳಿಗೆ ತಯಾರಕರ ಕೈಪಿಡಿ ಊಹಿಸದಿರುವ ಒಂದು ವಿಶೇಷವುಂಟು. ಬೆಳಗ್ಗೆ ಸಂಜೆ ಕಾದ ಎಣ್ಣೆಗೆ ಸಾಸಿವೆ ಕರಿಬೇವು ಮೆಣಸಿನಕಾಯಿ ಬೀಳುವ ಮನೆಯಲ್ಲಿ, ಹಬ್ಬದ ದಿನಗಳಲ್ಲಿ ಬಾಣಲೆಯ ಮುಂದೆ ಗಂಟೆಗಟ್ಟಲೆ ಕರಿಯುವ ಮನೆಯಲ್ಲಿ, ಎಣ್ಣೆಯ ಸೂಕ್ಷ್ಮ ಕಣಗಳು ಗಾಳಿಗೆ ಸೇರದೆ ಇರವು. ಇಲ್ಲಿಯ ಎಷ್ಟೋ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಮೈಕ್ರೋವೇವಿಗೆ ಜೋಡಿಸಿದ ಫ್ಯಾನು ಆ ಹೊಗೆಯನ್ನು ಹೊರಗೆ ಕಳುಹಿಸದೆ, ಒಂದು ಜಾಳಿಗೆಯಲ್ಲಿ ತೂರಿಸಿ ಮತ್ತೆ ಮನೆಯೊಳಕ್ಕೇ ಬಿಡುತ್ತದೆ. ಅಡುಗೆಮನೆಗೆ ಸಮೀಪದಲ್ಲಿರುವ ಒಳಯಂತ್ರದ ಮುಚ್ಚಳವನ್ನೆತ್ತಿ ಅದರ ಬಲೆಯನ್ನು ಹೊರಗೆಳೆದು ನೋಡಿರಿ. ಮಲಗುವ ಕೋಣೆಯ ಬಲೆಯ ಮೇಲಿನ ಧೂಳು ಬೂದುಬಣ್ಣದ್ದು, ಒಣಗಿದ್ದು. ಬೆರಳಿನಿಂದ ಸವರಿದರೆ ಹಾಳೆಯಂತೆ ಸುರುಳಿಯಾಗಿ ಏಳುತ್ತದೆ. ಅಡುಗೆಮನೆಯ ಬಳಿಯದು ಕಂದುಹಳದಿ, ಬೆರಳಿಗೆ ಅಂಟುವಂಥದು. ಅದರಲ್ಲಿ ಕೂದಲೆಳೆಗಳೂ ಊದುಬತ್ತಿಯ ಮಸಿಯೂ ಕಲೆತು, ಬೆಳಕಿಗೆ ಹಿಡಿದರೆ ಬಲೆಯ ಕಣ್ಣುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿರುವುದು ಕಾಣುತ್ತದೆ. ಇಂಥ ಬಲೆಯನ್ನು ಬರಿಯ ನೀರಿನಲ್ಲಿ ಅದ್ದಿದರೆ ಫಲವಿಲ್ಲ. ಪಾತ್ರೆ ತೊಳೆಯುವ ಸೋಪನ್ನು ಬೆರಸಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು, ಮೃದುವಾದ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಪೂರ್ತಿಯಾಗಿ ಆರಿಸಿದ ಮೇಲೆಯೇ ಮತ್ತೆ ಕೂಡಿಸಬೇಕು. ಅಡುಗೆಮನೆಯ ಬಳಿಯದಕ್ಕೆ ಎರಡು ವಾರಕ್ಕೊಮ್ಮೆಯೂ ಉಳಿದವಕ್ಕೆ ತಿಂಗಳಿಗೊಮ್ಮೆಯೂ ಇಷ್ಟು ಮಾಡಿದರೆ, ಒಳಗಿನ ಕಾಯಿಲಿನ ಮೇಲೆ ಜಿಡ್ಡು ಕೂರುವುದು ಬಹುಮಟ್ಟಿಗೆ ತಪ್ಪುತ್ತದೆ. ಒಮ್ಮೆ ಅಲ್ಲಿ ಜಿಡ್ಡು ಕೂತರೆ ಅದನ್ನು ತೆಗೆಯುವುದು ಮನೆಯವರ ಕೈಗೆ ಮೀರಿದ ಕೆಲಸ. ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುವ ಅವಕಾಶವಿರುವವರು, ಹೊಗೆಯನ್ನು ಮನೆಯ ಹೊರಕ್ಕೇ ದೂಡುವ ಹುಡ್ಡನ್ನು ಹಾಕಿಸುವುದು ಹೀಟ್ ಪಂಪಿಗೂ ಮನೆಯವರ ಶ್ವಾಸಕೋಶಗಳಿಗೂ ಸಮಾನವಾದ ಉಪಕಾರ.

ಡಕ್ಟುಗಳಿರುವ ಮನೆಗಳಲ್ಲಿ ಫಿಲ್ಟರು ಮಡಿಕೆಮಡಿಕೆಯಾದ ಕಾಗದದಂಥದು; ತೊಳೆಯುವುದಕ್ಕಲ್ಲ, ಬದಲಾಯಿಸುವುದಕ್ಕೆ. ಒಂದು ಅಂಗುಲ ದಪ್ಪದ್ದನ್ನು ತಿಂಗಳಿಗೊಮ್ಮೆ ತೆಗೆದು ನೋಡಿ, ಹೆಚ್ಚೆಂದರೆ ಮೂರು ತಿಂಗಳಿಗೆ ಬದಲಾಯಿಸಬೇಕು. ಚೌಕಟ್ಟಿನ ಮೇಲಿನ ಬಾಣವು ಗಾಳಿ ಹೋಗುವ ದಿಕ್ಕಿಗೆ, ಎಂದರೆ ಬ್ಲೋವರಿನ ಕಡೆಗೆ, ಇರಬೇಕು. ಹೆಚ್ಚು ಸೂಕ್ಷ್ಮವಾದ ಫಿಲ್ಟರೇ ಉತ್ತಮವೆಂದು ಭಾವಿಸಿ ‘ಮರ್ವ್’ 13ರ ದರ್ಜೆಯದನ್ನು ತೆಳ್ಳನೆಯ ಸಂದಿಗೆ ತುರುಕುವವರಿದ್ದಾರೆ. ಆ ದರ್ಜೆಗೆ ತಕ್ಕಂತೆ ಡಕ್ಟುಗಳನ್ನು ಯೋಜಿಸಿರದಿದ್ದರೆ ಗಾಳಿಯ ಹರಿವೇ ಕುಗ್ಗಿಹೋಗುತ್ತದೆ. ಒಂದು ಟನ್ ಸಾಮರ್ಥ್ಯಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲಿನ ಮೇಲೆ ಹಾಯ್ದುಹೋಗಬೇಕೆಂಬುದು ಈ ಕಸುಬಿನ ಸಾಮಾನ್ಯ ಲೆಕ್ಕ. ಅಷ್ಟು ಹಾಯದಿದ್ದರೆ ಒಳಗಿನ ಶಾಖವನ್ನು ಒಯ್ಯುವವರಿಲ್ಲದೆ ಒತ್ತಡವೇರಿ, ಕಂಪ್ರೆಸರು ಅಧಿಕ ಶ್ರಮದಿಂದ ನವೆಯುತ್ತದೆ. ಬಳಸದಿರುವ ಕೋಣೆಗಳ ಗಾಳಿಕಿಂಡಿಗಳನ್ನು ಮುಚ್ಚಿಬಿಡುವುದು, ನೆಲದ ಕಿಂಡಿಯ ಮೇಲೆ ಮಂಚವನ್ನೋ ಜಮಖಾನೆಯನ್ನೋ ಎಳೆಯುವುದು, ಗಾಳಿ ಹಿಂದಿರುಗುವ ದೊಡ್ಡ ಜಾಲರಿಯ ಮುಂದೆ ಸೋಫಾ ಇಡುವುದು, ಇವೆಲ್ಲವೂ ಅದೇ ಅಪಕಾರವನ್ನು ಬೇರೆ ಬೇರೆ ಬಗೆಯಲ್ಲಿ ಮಾಡುತ್ತವೆ. ಉಳಿತಾಯವೆಂದು ಮಾಡಿದ್ದು ವೆಚ್ಚವಾಗಿ ಪರಿಣಮಿಸುತ್ತದೆ.

ಮನೆಯ ಹೊರಗೆ ಕುಳಿತಿರುವ ಯೂನಿಟ್ಟಿನ ವಿಚಾರಕ್ಕೆ ಬರುತ್ತೇನೆ. ಊರಿನಿಂದ ಮೊದಲ ಸಲ ಚಳಿಗಾಲಕ್ಕೆ ಬಂದ ತಂದೆತಾಯಿಗಳು ಹಗಲೆಲ್ಲ ಮನೆಯಲ್ಲಿ ಇಬ್ಬರೇ ಇರುವಾಗ, ಕಿಟಕಿಯಾಚೆ ಆ ಪೆಟ್ಟಿಗೆಯಿಂದ ದಟ್ಟವಾಗಿ ಬಿಳಿಯ ಹೊಗೆಯೇಳುವುದನ್ನು ಕಂಡು ಗಾಬರಿಯಾಗಿ, “ಮಗಾ, ಹೊರಗಿರೋ ಮಿಷನ್ನು ಹೊಗೆಯಾಡ್ತಾ ಇದೆ, ಬೇಗ ಬಾ” ಎಂದು ಕಚೇರಿಗೆ ಫೋನ್ ಮಾಡಿದ ಪ್ರಸಂಗಗಳು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಅವರಿಗೆ ಮುಂಚಿತವಾಗಿಯೇ ಇದನ್ನು ತೋರಿಸಿ ತಿಳಿಸಿರಬೇಕು. ಚಳಿಗಾಳಿಯಿಂದ ಉಷ್ಣವನ್ನು ಹೀರಿಕೊಳ್ಳುವ ಹೊರಗಿನ ಕಾಯಿಲು ಆ ಗಾಳಿಗಿಂತಲೂ ತಣ್ಣಗಿರುವುದರಿಂದ, ಗಾಳಿಯ ತೇವವು ಅದರ ತಗಡಿನ ರೆಕ್ಕೆಗಳ ಮೇಲೆ ಬಿಳಿಯ ಹಿಮಪುಡಿಯಾಗಿ ಹೆಪ್ಪುಗಟ್ಟುತ್ತದೆ. ಪದರ ಸ್ವಲ್ಪ ದಪ್ಪವಾದೊಡನೆ ಯಂತ್ರವು ತಾನಾಗಿಯೇ ಅದನ್ನು ಕರಗಿಸಿಕೊಳ್ಳುತ್ತದೆ. ಮೊದಲು ಒಂದು ‘ಟಕ್’ ಎಂಬ ಸಪ್ಪಳ. ಒಳಗೆ ಕವಾಟವು ದಿಕ್ಕು ತಿರುಗಿಸಿದಾಗ ಗಾಳಿ ನುಗ್ಗಿದಂತೆ ‘ಹುಸ್’ ಎಂಬ ಸದ್ದು. ಮೇಲಿನ ಫ್ಯಾನು ನಿಲ್ಲುತ್ತದೆ. ಮನೆಯೊಳಗಿನ ಉಷ್ಣವೇ ಕೆಲವು ನಿಮಿಷ ಹೊರಕ್ಕೆ ಹರಿದು, ರೆಕ್ಕೆಗಳ ಮೇಲಿನ ಬಿಳುಪು ಮೇಲಿನಿಂದ ಕೆಳಕ್ಕೆ ಬಣ್ಣಗೆಡುತ್ತ ನೀರಾಗಿ ತೊಟ್ಟಿಕ್ಕಿ, ಆವಿಯು ಮೋಡದಂತೆ ಏಳುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷ ಮೀರದೆ ಫ್ಯಾನು ಮತ್ತೆ ತಿರುಗುತ್ತದೆ. ಇದು ಯಂತ್ರದ ಸ್ವಸ್ಥತೆಯ ಲಕ್ಷಣ.

ಅಸ್ವಸ್ಥತೆ ಯಾವುದೆಂದರೆ, ಈ ಕರಗುವಿಕೆಯ ನಂತರವೂ ಉಳಿಯುವ ಗಡ್ಡೆ. ತೆಳುವಾದ ಬಿಳಿಯ ಪುಡಿ ಬಂದು ಹೋಗುತ್ತಿರುವುದು ಸಹಜ. ಬುಡದಿಂದ ಮೇಲಕ್ಕೆ ಗಾಜಿನಂತೆ ಹೊಳೆಯುವ ದಪ್ಪ ಮಂಜು ಬೆಳೆಯುತ್ತಿದ್ದರೆ, ಅಥವಾ ಫ್ಯಾನಿನ ಅಲಗುಗಳು ಮಂಜಿಗೆ ತಾಗಿ ಕಟಕಟ ಸದ್ದು ಮಾಡುತ್ತಿದ್ದರೆ, ಯಂತ್ರವನ್ನು ನಿಲ್ಲಿಸಿ ತಂತ್ರಜ್ಞರನ್ನು ಕರೆಯಬೇಕು. ಚಾಕು, ಸ್ಕ್ರೂಡ್ರೈವರ್, ಸಲಿಕೆಗಳಿಂದ ಆ ಮಂಜನ್ನು ಕೆತ್ತುವ ಕೆಲಸಕ್ಕೆ ಯಾರೂ ಇಳಿಯಕೂಡದು. ರೆಕ್ಕೆಗಳ ಹಿಂದಿರುವ ಕೊಳವೆಯ ಗೋಡೆಯು ಬಹಳ ತೆಳುವಾದದ್ದು, ಒಂದು ತೂತು ಬಿದ್ದರೆ ಶೈತ್ಯದ್ರವ್ಯವೆಲ್ಲ ಗಾಳಿಗೆ ಹೋಗುತ್ತದೆ. ಮಂಜು ಕೂಡುವುದಕ್ಕೆ ಕಾರಣವು ಎಷ್ಟೋ ವೇಳೆ ಯಂತ್ರದ ಹೊರಗೇ ಇರುತ್ತದೆ: ಸೂರಿನ ದೋಣಿಯಿಂದ ಹನಿಯುವ ನೀರು ನೇರವಾಗಿ ಯೂನಿಟ್ಟಿನ ತಲೆಯ ಮೇಲೆ ಬೀಳುತ್ತಿರಬಹುದು, ನೆಲಕ್ಕೆ ತೀರ ಹತ್ತಿರ ಕೂರಿಸಿದ್ದರಿಂದ ಕರಗಿದ ನೀರು ಕೆಳಗೆ ಹರಿಯಲು ಎಡೆಯಿಲ್ಲದೆ ಅಲ್ಲಿಯೇ ಹೆಪ್ಪುಗಟ್ಟುತ್ತಿರಬಹುದು. ಆ ಊರಿನಲ್ಲಿ ಎಷ್ಟೆತ್ತರ ಹಿಮ ನಿಲ್ಲುವುದೋ ಅದಕ್ಕಿಂತ ಮೇಲೆ, ಕಬ್ಬಿಣದ ಕಾಲುಗಳ ಮೇಲೆ ಅದನ್ನು ನಿಲ್ಲಿಸಿರಬೇಕು. ಹಿಮಪಾತವಾದ ಬೆಳಗ್ಗೆ ಕಾರಿನ ದಾರಿಯನ್ನು ಬಿಡಿಸುವಾಗಲೇ ಇದರ ಸುತ್ತಲೂ ಎರಡಡಿ ಬಿಡಿಸಿರಿ. ಬೇಸಗೆಯ ಏರ್‌ಕಂಡಿಷನರಿಗೆ ಚಳಿಗಾಲದಲ್ಲಿ ಹೊದಿಸುವ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಇದಕ್ಕೂ ಹೊದಿಸಿ ಕಟ್ಟಿದವರಿದ್ದಾರೆ. ಚಳಿಗಾಲದಲ್ಲಿಯೇ ಅತಿಶಯವಾಗಿ ಉಸಿರಾಡಬೇಕಾದ ಯಂತ್ರಕ್ಕೆ ಅದು ಉಸಿರುಕಟ್ಟಿಸುವುದೇ ಸರಿ.

ಬೇರೆ ಋತುಗಳಲ್ಲಿ ಬೇರೆ ಶತ್ರುಗಳು. ಜೂನ್ ತಿಂಗಳ ಸುಮಾರಿಗೆ ಕಾಟನ್‌ವುಡ್ ಮರಗಳ ಬಿಳಿಯ ಅರಳೆಯು ಹಾರಿಬಂದು ಕಾಯಿಲಿನ ಮೈಗೆ ಕಂಬಳಿಯಂತೆ ಹತ್ತಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಮೇಪಲ್ ಎಲೆಗಳು. ಹುಲ್ಲು ಕೊಯ್ಯುವ ಯಂತ್ರವು ಎರಚಿದ ಚೂರುಗಳು. ಬಟ್ಟೆ ಒಣಗಿಸುವ ಡ್ರೈಯರಿನ ಕೊಳವೆ ಸಮೀಪದಲ್ಲಿದ್ದರೆ ಅದರಿಂದ ಬರುವ ನೂಲಿನ ಧೂಳು. ವಸಂತದ ಕಡೆಯಲ್ಲಿ ಒಮ್ಮೆ, ಎಲೆ ಉದುರಿ ಮುಗಿದ ಮೇಲೆ ಒಮ್ಮೆ, ಗೋಡೆಯ ಮೇಲಿನ ವಿದ್ಯುತ್ ಸ್ವಿಚ್ಚನ್ನು ಆರಿಸಿ, ತೋಟದ ರಬ್ಬರ್ ಕೊಳವೆಯಿಂದ ಮೆಲ್ಲಗೆ ನೀರು ಹಾಯಿಸಿದರೆ ಇವೆಲ್ಲ ಹೋಗುತ್ತವೆ. ಕಾರು ತೊಳೆಯುವ ಒತ್ತಡದ ಯಂತ್ರವನ್ನು ಮಾತ್ರ ಹತ್ತಿರ ತರಬಾರದು; ಮೃದುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಹಿರಿಯರ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಗ್ಯಾಸ್ ಫರ್ನೇಸಿನ ಕಿಂಡಿಯಿಂದ ಬರುವ ಗಾಳಿ ಐವತ್ತು ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿರುತ್ತದೆ; ಡಕ್ಟಿನ ಹೀಟ್ ಪಂಪಿನದು ಸಾಮಾನ್ಯವಾಗಿ ಮೂವತ್ತೈದು ನಲವತ್ತರ ಸುತ್ತಮುತ್ತ. ಮೈಯ ಶಾಖಕ್ಕೆ ಅದು ಸಮೀಪವಾದ್ದರಿಂದ ಕೈಯೊಡ್ಡಿದರೆ ಬಿಸಿಯೆನಿಸುವುದಿಲ್ಲ. ಯಂತ್ರ ಕೆಟ್ಟಿದೆಯೆಂದು ತಿಳಿದ ತಾಯಿಯೊಬ್ಬರು ಥರ್ಮೋಸ್ಟಾಟನ್ನು ಒಮ್ಮೆಗೇ ಐದಾರು ಡಿಗ್ರಿ ಏರಿಸಿದರೆ, ಆ ಅಂತರವನ್ನು ಬೇಗ ತುಂಬಲು ನಾನಾಗಲೇ ಹೇಳಿದ ಕಾಯುವ ತಂತಿಗಳು ಹೊತ್ತಿಕೊಳ್ಳುತ್ತವೆ. ‘ಎಮರ್ಜೆನ್ಸಿ ಹೀಟ್’ ಎಂಬ ಗುಂಡಿಯನ್ನು ಒತ್ತಿದರಂತೂ ಹೊರಗಿನ ಯೂನಿಟ್ಟು ಪೂರ್ತಿ ನಿಂತು, ಮನೆಯೆಲ್ಲ ಆ ತಂತಿಗಳ ಮೇಲೆಯೇ ನಡೆಯುತ್ತದೆ. ರಾತ್ರಿಯ ಹೊತ್ತು ಬಹಳವಾಗಿ ಇಳಿಸಿ ಬೆಳಗ್ಗೆ ಏರಿಸುವ, ಫರ್ನೇಸಿನ ಕಾಲದಲ್ಲಿ ಲಾಭಕರವಾಗಿದ್ದ ಅಭ್ಯಾಸವೂ ಇದೇ ಕಾರಣದಿಂದ ಇಲ್ಲಿ ನಷ್ಟಕರವಾಗಬಹುದು. ಹಿತವಾದ ಒಂದು ಅಂಕಿಯನ್ನು ಗೊತ್ತುಮಾಡಿ ಅಲ್ಲಿಯೇ ಬಿಡುವುದು, ಬಿಟ್ಟು ಹಿರಿಯರಿಗೆ ಒಂದು ಸ್ವೆಟರನ್ನು ಕೊಡುವುದು, ಯಂತ್ರಕ್ಕೂ ಅವರಿಗೂ ಒಳ್ಳೆಯದು.

ಮನೆಯವರು ಮಾಡಬಹುದಾದುದು ಇಷ್ಟು. ಇದರಾಚೆಗಿನದನ್ನು ವರ್ಷಕ್ಕೊಮ್ಮೆಯಾದರೂ ತರಬೇತಿ ಪಡೆದ ತಂತ್ರಜ್ಞರಿಂದ ಮಾಡಿಸಬೇಕು. ಚೆನ್ನಾಗಿ ಪೋಷಿಸಿದ ಹೀಟ್ ಪಂಪಿಗೂ ತೀರ ಅಲಕ್ಷ್ಯಕ್ಕೀಡಾದದ್ದಕ್ಕೂ ವಿದ್ಯುತ್ತಿನ ಬಳಕೆಯಲ್ಲಿ ಶೇಕಡಾ 10ರಿಂದ 25ರವರೆಗೆ ಅಂತರವಿರುತ್ತದೆಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಆದರೆ ‘ಸರ್ವಿಸ್’ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಪರೀಕ್ಷೆಯಲ್ಲವೆಂಬುದನ್ನು ನೋವಿನಿಂದ ಹೇಳಬೇಕಾಗಿದೆ. ನನ್ನ ನೆರೆಯ ಮನೆಗೆ ಒಂದು ಕಂಪನಿಯವರು ಬಂದು, ಹೊರಗಿನ ಯೂನಿಟ್ಟಿಗೆ ನೀರೆರಚಿ, ಫಿಲ್ಟರನ್ನು ಬದಲಾಯಿಸಿ, ‘ಎಲ್ಲ ಸರಿಯಿದೆ’ ಎಂಬುದಕ್ಕೆ ಗುರುತು ಹಾಕಿದ ಹಾಳೆಯನ್ನು ಕೊಟ್ಟು, ನೂರಾರು ಡಾಲರ್ ತೆಗೆದುಕೊಂಡು ಹೋದರು. ಆ ಹಾಳೆಯಲ್ಲಿ ಒಂದಾದರೂ ಅಂಕಿಯಿರಲಿಲ್ಲ. ಅಂಕಿಯಿಲ್ಲದೆ ಪರೀಕ್ಷೆಯೆಂಬುದು ಹೇಗಾದೀತು? ತಾವು ಕೇಳಬೇಕಾದುದು ಅಂಕಿಗಳನ್ನು. ಡಕ್ಟಿನೊಳಗಿನ ಗಾಳಿಯ ಒತ್ತಡವೆಷ್ಟು, ಕಾಯಿಲಿನ ಮೇಲೆ ಹಾಯುವ ಗಾಳಿಯೆಷ್ಟು; ಶೈತ್ಯದ್ರವ್ಯದ ಪ್ರಮಾಣವನ್ನು ಸೂಚಿಸುವ ಸೂಪರ್‌ಹೀಟ್, ಸಬ್‌ಕೂಲಿಂಗ್ ಎಂಬ ಅಳತೆಗಳು ತಯಾರಕರು ಹೇಳಿದಂತಿವೆಯೇ; ಕಂಪ್ರೆಸರು ಎಷ್ಟು ಆಂಪಿಯರ್ ಎಳೆಯುತ್ತಿದೆ; ಕೆಪಾಸಿಟರಿನ ಬಲವು ಅದರ ಮೈಮೇಲೆ ಅಚ್ಚಾಗಿರುವಷ್ಟೇ ಇದೆಯೇ, ಕುಗ್ಗಿದೆಯೇ; ವಿದ್ಯುತ್ ತಂತಿಗಳ ಬಿಗಿ ಸಡಿಲವಾಗಿಲ್ಲವೇ; ಮಂಜು ಕರಗಿಸುವ ಕ್ರಮವನ್ನು ಬೇಕೆಂದೇ ನಡೆಯಿಸಿ ನೋಡಿದರೇ; ಕಾಯುವ ತಂತಿಗಳು ಹೊರಗಿನ ಯಾವ ಉಷ್ಣತೆಯ ಕೆಳಗೆ ಮಾತ್ರ ಹೊತ್ತಿಕೊಳ್ಳುವಂತೆ ಕಟ್ಟುಮಾಡಿದ್ದಾರೆ. ಈ ಕಡೆಯದನ್ನು ಎಷ್ಟೋ ಮನೆಗಳಲ್ಲಿ ಯಂತ್ರವನ್ನು ಹಾಕಿದ ದಿನದಿಂದ ಯಾರೂ ಗೊತ್ತುಪಡಿಸಿಯೇ ಇರುವುದಿಲ್ಲ. ಮಿನಿಸ್ಪ್ಲಿಟ್ಟುಗಳಾದರೆ ಒಳಗಿನ ಬ್ಲೋವರಿನ ಉದ್ದನೆಯ ಚಕ್ರವನ್ನೂ ನೀರು ಇಳಿಯುವ ತಟ್ಟೆಯನ್ನೂ ಬಿಚ್ಚಿ ತೊಳೆಯಿಸಬೇಕು. ಬೇಸಗೆಯಲ್ಲಿ ತಂಪಿಗೆ ಓಡಿಸುವಾಗ ಅಲ್ಲಿ ತೇವವೂ ಧೂಳೂ ಕೂಡಿ ಬೂಷ್ಟು ಬೆಳೆಯುತ್ತದೆ. ಯಂತ್ರ ಹಾಕಿದೊಡನೆ ಮುಗ್ಗಲು ವಾಸನೆ ಬಂದರೆ, ಗೋಡೆಯ ಮೇಲೆ ನೀರಿನ ಗೆರೆಯಿಳಿದರೆ, ಕಾರಣ ಅದೇ.

ಶೈತ್ಯದ್ರವ್ಯದ ವಿಷಯವನ್ನು ವಿಶೇಷವಾಗಿ ಒತ್ತಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಾವು ಊರಿನಿಂದ ಒಂದು ತಪ್ಪು ತಿಳಿವಳಿಕೆಯನ್ನು ಹೊತ್ತುತಂದಿದ್ದೇವೆ. ‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು’ ಎಂಬ ಮೆಕ್ಯಾನಿಕ್ಕಿನ ಮಾತನ್ನು ಬೇಸಗೆ ಬಂದಾಗಲೆಲ್ಲ ಕೇಳಿ ಬೆಳೆದ ನಮಗೆ, ಗ್ಯಾಸೆಂಬುದು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವೆಂಬ ಭಾವನೆ ಬೇರೂರಿದೆ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ವಸ್ತು, ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ, ಅಥವಾ ಮೊದಲೇ ಸರಿಯಾಗಿ ತುಂಬಿರಲಿಲ್ಲ. ಸೋರುವ ಸ್ಥಳವನ್ನು ಹುಡುಕಿ ಮುಚ್ಚದೆ ಮೇಲೆ ಮೇಲೆ ತುಂಬುವವರಿಗೆ ಹಣ ಕೊಡಬೇಡಿರಿ. ಇದರಲ್ಲಿ ತಮ್ಮ ಹಣಕ್ಕಿಂತ ದೊಡ್ಡದಾದ ಪ್ರಶ್ನೆಯೂ ಅಡಗಿದೆ. ಈಗ ಮನೆಗಳಲ್ಲಿರುವ ಬಹುಪಾಲು ಯಂತ್ರಗಳಲ್ಲಿನ ಆರ್-410ಎ ಎಂಬ ದ್ರವ್ಯವು, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ 2,088 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುವಂಥದು. ಭೂಮಿಯ ತಾಪಕ್ಕೆ ಅಂಜಿ ಎಣ್ಣೆಯ ಬಾಯ್ಲರನ್ನು ತೆಗೆಸಿದ ಮನೆಯಿಂದಲೇ ಈ ದ್ರವ್ಯ ಗಾಳಿಗೆ ಸೋರುತ್ತಿದ್ದರೆ ಆ ಸಂಕಲ್ಪಕ್ಕೆ ಅರ್ಥವುಳಿಯುವುದಿಲ್ಲ. ಈ ಕಾರಣದಿಂದಲೇ ಅಮೆರಿಕದಲ್ಲಿ 2025ರಿಂದ ಮನೆಗಳ ಹೊಸ ಯಂತ್ರಗಳಲ್ಲಿನ ದ್ರವ್ಯಕ್ಕೆ ಭೂಮಿಯನ್ನು ಕಾಯಿಸುವ ಆ ಅಂಕಿ 700ನ್ನು ಮೀರಕೂಡದೆಂದು ನಿಯಮಿಸಿ, 675ರ ಆರ್-32, 466ರ ಆರ್-454ಬಿ ಎಂಬ ದ್ರವ್ಯಗಳಿಗೆ ದಾರಿಮಾಡಿದ್ದಾರೆ. ಇವು ಅಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣವುಳ್ಳವಾದ್ದರಿಂದ ಅಂತರ್ಜಾಲದ ವೀಡಿಯೋ ನೋಡಿ ಕೊಳವೆಗೆ ಕೈಹಾಕುವ ಸಾಹಸವು ಇನ್ನಷ್ಟು ಅಪಾಯಕರ. ಶೈತ್ಯದ್ರವ್ಯವನ್ನು ಮುಟ್ಟುವವರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 608ನೆಯ ಪ್ರಕರಣದ ಪ್ರಮಾಣಪತ್ರವುಳ್ಳವರಾಗಿರಬೇಕೆಂಬುದು ಕಾನೂನು. ಬಂದವರಲ್ಲಿ ಅದನ್ನು ತೋರಿಸೆಂದು ಕೇಳುವುದು ಅವಿನಯವಲ್ಲ.

ಯೂರೋಪಿನಲ್ಲಿರುವ ಬಂಧುಗಳ ಮನೆಗಳಲ್ಲಿ ಹೀಟ್ ಪಂಪು ಗಾಳಿಯ ಬದಲು ನೀರನ್ನು ಕಾಯಿಸಿ ರೇಡಿಯೇಟರುಗಳಿಗೋ ನೆಲದಡಿಯ ಕೊಳವೆಗಳಿಗೋ ಕಳುಹಿಸುವುದೇ ಹೆಚ್ಚು. ಅವರು ತಿಂಗಳಿಗೊಮ್ಮೆ ನೀರಿನ ಒತ್ತಡದ ಮುಳ್ಳು ಒಂದರಿಂದ ಎರಡು ಬಾರಿನ ನಡುವೆ ಇದೆಯೇ ಎಂದು ನೋಡಿ, ವರ್ಷದ ಪರೀಕ್ಷೆಯಲ್ಲಿ ತುಕ್ಕಿನ ಕೆಸರನ್ನು ಹಿಡಿಯುವ ಫಿಲ್ಟರನ್ನು ತೊಳೆಯಿಸಿದರೆ, ಉಳಿದುದೆಲ್ಲ ಮೇಲೆ ಹೇಳಿದುದಕ್ಕೆ ಸಮಾನ.

ಕಡೆಯದಾಗಿ, ನಮ್ಮ ಕುಟುಂಬಗಳಿಗೆ ವಿಶಿಷ್ಟವಾದ ಒಂದು ಅಪಾಯವನ್ನು ಕುರಿತು ಎಚ್ಚರಿಸಬೇಕಾಗಿದೆ. ಮಕ್ಕಳ ಶಾಲೆಗೆ ರಜೆ ಬರುವುದೂ, ಊರಿನ ಮದುವೆ ಮುಂಜಿಗಳಿಗೆ ಹೊರಡುವುದೂ ಡಿಸೆಂಬರಿನಲ್ಲಿಯೇ. ಇಲ್ಲಿಯ ಚಳಿ ಏರುವುದೂ ಅದೇ ಹೊತ್ತಿಗೆ. ನಾಲ್ಕಾರು ವಾರ ಮನೆಯಲ್ಲಿ ಯಾರೂ ಇಲ್ಲದಿರುವಾಗ ವಿದ್ಯುತ್ತು ದಂಡವಾಗುವುದೇಕೆಂದು ಯಂತ್ರವನ್ನು ಪೂರ್ತಿ ಆರಿಸಿ ಹೋಗುವವರಿದ್ದಾರೆ. ಗೋಡೆಗಳೊಳಗಿನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದರೆ, ಕರಗಿದ ದಿನದಿಂದ ಯಾರಾದರೂ ಬಾಗಿಲು ತೆರೆಯುವ ದಿನದವರೆಗೆ ನೀರು ಮನೆಯೊಳಗೆ ಹರಿಯುತ್ತಲೇ ಇರುತ್ತದೆ. ಮನೆಯನ್ನು ಬೆಚ್ಚಗಿಟ್ಟಿರಲಿಲ್ಲವೆಂದು ವಿಮೆಯವರು ಪರಿಹಾರವನ್ನು ನಿರಾಕರಿಸುವುದಕ್ಕೂ ಅವಕಾಶವುಂಟು. ಆದ್ದರಿಂದ ಯಂತ್ರವನ್ನು ಆರಿಸದೆ 55 ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ ಸುಮಾರು 13 ಸೆಲ್ಸಿಯಸ್ಸಿಗೆ, ಇಟ್ಟು, ನೀರಿನ ಮುಖ್ಯ ಕವಾಟವನ್ನು ಮುಚ್ಚಿ, ಹೊಸ ಫಿಲ್ಟರನ್ನು ಹಾಕಿ ಹೊರಡಿರಿ. ಡಕ್ಟಿನ ಬದಲು ಕೊಳವೆಗಳಲ್ಲಿ ನೀರು ಸುತ್ತುವ ವ್ಯವಸ್ಥೆಯಿದ್ದವರು ಕವಾಟ ಮುಚ್ಚುವ ಮುನ್ನ ತಮ್ಮ ತಂತ್ರಜ್ಞರನ್ನು ಕೇಳಬೇಕು. ನಂಬಿಕೆಯ ನೆರೆಯವರೊಬ್ಬರಲ್ಲಿ ಬೀಗದ ಕೈಯನ್ನು ಕೊಟ್ಟು, ವಾರಕ್ಕೊಮ್ಮೆ ಒಳಗೆ ಬಂದು ಹೋಗಲೂ, ಹಿಮ ಬಿದ್ದರೆ ಹೊರಗಿನ ಯೂನಿಟ್ಟನ್ನು ಬಿಡಿಸಲೂ ಒಪ್ಪಿಸಿರಿ. ಬಿರುಗಾಳಿಯಿಂದ ದೀರ್ಘಕಾಲ ವಿದ್ಯುತ್ತು ಹೋಗಿ ಬಂದಿದ್ದರೆ, ಅನೇಕ ಮಾದರಿಗಳಲ್ಲಿ ಕಂಪ್ರೆಸರಿನ ಎಣ್ಣೆ ಬೆಚ್ಚಗಾಗುವವರೆಗೆ ಕೆಲವು ಗಂಟೆ ಕಾದು ಚಾಲೂ ಮಾಡಬೇಕಾಗುತ್ತದೆ. ತಮ್ಮ ಯಂತ್ರದ ಕೈಪಿಡಿಯಲ್ಲಿ ಆ ಭಾಗವನ್ನು ಹುಡುಕಿ, ನೆರೆಯವರಿಗೆ ಅರ್ಥವಾಗುವಂತೆ ಒಂದು ಚೀಟಿಯಲ್ಲಿ ಬರೆದು ಥರ್ಮೋಸ್ಟಾಟಿನ ಪಕ್ಕದಲ್ಲಿ ಅಂಟಿಸಿಡಿರಿ.

ಕನ್ನಡ ಕೂಟಗಳ ಕಾರ್ಯಕರ್ತರಲ್ಲಿ ನನ್ನದೊಂದು ಪ್ರಾರ್ಥನೆ. ಗಣೇಶನ ಹಬ್ಬಕ್ಕೆ ಎಲ್ಲರೂ ಸೇರುವ ಹೊತ್ತು ಈ ಕೆಲಸಕ್ಕೆ ಸರಿಯಾದ ಹೊತ್ತು. ಅಂದು ಒಂದು ಗಂಟೆಯನ್ನು ಮೀಸಲಿಟ್ಟು, ಅನುಭವಿಯಾದ ತಂತ್ರಜ್ಞರೊಬ್ಬರನ್ನು ಕರೆಯಿಸಿ, ಹೊಸದಾಗಿ ಮನೆ ಕೊಂಡವರಿಗೂ ಊರಿನಿಂದ ಬಂದ ಹಿರಿಯರಿಗೂ ಇವನ್ನೆಲ್ಲ ತೋರಿಸುವ ಏರ್ಪಾಡು ಮಾಡಿರಿ. ಸೀಮೆಯ ಕಂಪನಿಗಳಲ್ಲಿ ಯಾರು ಅಳೆದು ಅಂಕಿಗಳನ್ನು ಬರೆದುಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂಬುದನ್ನು ಮನೆಮನೆಯವರು ಒಬ್ಬರಿಗೊಬ್ಬರು ತಿಳಿಸಿಕೊಳ್ಳಿರಿ. ನವೆಂಬರಿನ ಮೊದಲ ಚಳಿ ಬಿದ್ದ ಮೇಲೆ ಕರೆದವರು ವಾರಗಟ್ಟಲೆ ಕಾಯಬೇಕಾಗುತ್ತದೆ. ಸೆಪ್ಟೆಂಬರಿನಲ್ಲಿಯೇ ಕರೆದರೆ ಬಂದವರು ಅವಸರವಿಲ್ಲದೆ ನಿಂತು ನೋಡುತ್ತಾರೆ.

ಇತಿ,
ತಮ್ಮ ಹಿತಚಿಂತಕ,
ತಮ್ಮಲ್ಲಿಯೇ ಒಬ್ಬ